ಕಲ್ಯಾಣದ ಕಥೆ: ಅಚ್ಚು ಹಳೆಯದು, ಎರಕ ಹೊಸದು

ಬೀದರ್ ಜಿಲ್ಲೆಯ ಬಸವಕಲ್ಯಾಣದ ಕಥೆಯನ್ನು ಒಂಬತ್ತು ಶತಮಾನಗಳಿಂದ ಬೇರೆ ಬೇರೆಯವರು ಹೇಳುತ್ತ ಬಂದಿದ್ದಾರೆ. ಕಾಶ್ಮೀರದಿಂದ ಬಂದ ಆಸ್ಥಾನಕವಿ, ಹಂಪೆಯ ಶಿವಭಕ್ತ, ತೆಲುಗಿನ ಪುರಾಣಕಾರ, ವಿರಕ್ತ ಸಂಕಲನಕಾರರು, ಜೈನ ಕವಿ, ಆಮೇಲೆ ಬೆಂಗಳೂರಿನ ನಾಟಕಕಾರರು ಹೀಗೆ ಹೇಳಿದವರ ಸಾಲು ಉದ್ದವಿದೆ. ಹೆಸರುಗಳು ಬದಲಾದರೂ ಕಥೆಯೊಳಗಿನ ಸ್ಥಾನಗಳು ಬಹುಮಟ್ಟಿಗೆ ಹಾಗೆಯೇ ಉಳಿದಿವೆ. ಒಂದು ಕಾರಣಕ್ಕಾಗಿ ಮೇಲಿನ ಲೋಕದಿಂದ ಇಳಿದು ಬಂದವನು, ಅವನನ್ನು ನೆಚ್ಚಿಕೊಂಡೂ ಶಂಕಿಸುವ ಅರಸ, ಅರಸನ ಕಿವಿಯಲ್ಲಿ ಚಾಡಿ ಊದುವ ಕೊಂಡೆಯ, ಎಲ್ಲಿಂದಲೋ ಬಂದು ಎಲ್ಲರನ್ನೂ ಒರೆಗೆ ಹಚ್ಚುವ ಗುರು, ಸೇಡು ತೀರಿಸುವ ವೀರ, ಕೊನೆಗೆ ಊರು ತೊರೆದು ನಡೆಯುವ ಗುಂಪು: ಇವಿಷ್ಟು ಅಚ್ಚುಗಳು. ಯಾವ ಅಚ್ಚಿಗೆ ಯಾರನ್ನು ಸುರಿಯಬೇಕು ಎಂಬಲ್ಲಿ ಮಾತ್ರ ಹೇಳುವವರಲ್ಲಿ ಒಮ್ಮತವಿಲ್ಲ.

ಮೊದಲ ಎರಕ ಬಸವಣ್ಣನದಲ್ಲ, ಚಾಲುಕ್ಯರದು. ಒಂದನೆಯ ಸೋಮೇಶ್ವರ (ಆಳ್ವಿಕೆ 1042–1068) ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ ತಂದ. ಅವನ ನಂತರ ಹಿರಿಯ ಮಗ ಎರಡನೆಯ ಸೋಮೇಶ್ವರ ಪಟ್ಟಕ್ಕೆ ಬಂದ. 1076ರಲ್ಲಿ ತಮ್ಮ ಆರನೆಯ ವಿಕ್ರಮಾದಿತ್ಯ ಅವನನ್ನು ಇಳಿಸಿ ಗದ್ದುಗೆ ಹಿಡಿದು ಐವತ್ತು ವರ್ಷ ಆಳಿದ. ಅಣ್ಣನ ಸಿಂಹಾಸನ ಕಿತ್ತುಕೊಂಡವನನ್ನು ನಾಯಕನನ್ನಾಗಿ ನಿಲ್ಲಿಸುವುದು ಸುಲಭದ ಕೆಲಸವಲ್ಲ. ಕಾಶ್ಮೀರದ ಬಿಲ್ಹಣ ತನ್ನ ಸಂಸ್ಕೃತ ಕಾವ್ಯ ‘ವಿಕ್ರಮಾಂಕದೇವಚರಿತ’ದಲ್ಲಿ ಅದನ್ನು ಸಾಧಿಸಿದ್ದು ಹಳೆಯ ಅಚ್ಚುಗಳ ಬಲದಿಂದಲೇ. ಅಲ್ಲಿ ವಿಕ್ರಮ ಶಿವನ ವರದಿಂದ ಹುಟ್ಟುತ್ತಾನೆ. ತಂದೆ ಯುವರಾಜ ಪಟ್ಟ ಕೊಡಲು ಬಂದರೆ, ಅದು ಅಣ್ಣನ ಹಕ್ಕು ಎಂದು ಬೇಡವೆನ್ನುತ್ತಾನೆ. ಅಣ್ಣ ದಾರಿ ತಪ್ಪಿದ ಮೇಲೂ ಅವನ ಮೇಲೆ ಕೈಯೆತ್ತದೆ ರಾಜಧಾನಿ ಬಿಟ್ಟು ಹೊರಡುತ್ತಾನೆ. ಕೊನೆಗೆ ಯುದ್ಧ ಒದಗಿದಾಗ ಶಿವನೇ ಕನಸಿನಲ್ಲಿ ಬಂದು ಆಜ್ಞಾಪಿಸಬೇಕಾಗುತ್ತದೆ. ಒಲ್ಲದ ಮನಸ್ಸಿನ ನಾಯಕ, ಅರ್ಹತೆಯುಳ್ಳ ಕಿರಿಯ ಮಗ, ಕನಸಿನಲ್ಲಿ ಬರುವ ಆದೇಶ ಇವೆಲ್ಲ ಕಲ್ಯಾಣದ ಸಾಹಿತ್ಯದಲ್ಲಿ ಮೊದಲು ದುಡಿದದ್ದು ಅರಮನೆಯ ಪರವಾಗಿ.

ಹನ್ನೆರಡನೆಯ ಶತಮಾನದ ನಡುವೆ, ಚಾಲುಕ್ಯರ ಅಧೀನದಲ್ಲಿದ್ದ ಮಂಗಳವಾಡದ ಕಲಚುರಿ ಬಿಜ್ಜಳ ಒಡೆಯರ ಅಧಿಕಾರವನ್ನೇ ಕೈಗೆ ತೆಗೆದುಕೊಂಡ. ಶಾಸನಗಳು ತೋರಿಸುವ ಬಿಜ್ಜಳ ಪುರಾಣದ ಬಿಜ್ಜಳನಲ್ಲ. ಹಾವೇರಿ ಜಿಲ್ಲೆಯ ಅಬಲೂರಿನ ಶಾಸನ, 1200ರ ಆಸುಪಾಸಿನದು, ಏಕಾಂತದ ರಾಮಯ್ಯನ ಪವಾಡವನ್ನು ಹೇಳುತ್ತದೆ. ಜೈನರೊಡನೆ ಪಂಥ ಕಟ್ಟಿದ ರಾಮಯ್ಯ ತಲೆ ಕತ್ತರಿಸಿಕೊಂಡು ಮತ್ತೆ ಪಡೆಯುತ್ತಾನೆ. ವಿಷಯ ಅರಸನವರೆಗೆ ಹೋದಾಗ ಅವನಿಗೆ ಜಯಪತ್ರ ಕೊಡುವವನು ಇದೇ ಬಿಜ್ಜಳ. ಕಲಚುರಿ ಶಾಸನಗಳಲ್ಲಿ 1167–68ರ ಹೊತ್ತಿಗೆ ಅಧಿಕಾರ ಮಗ ಸೋವಿದೇವನಿಗೆ ಬಂದದ್ದು ಕಾಣುತ್ತದೆ, ಕೊಲೆಯ ಮಾತಿಲ್ಲ. ಬಸವಣ್ಣನನ್ನು ಹೆಸರಿಸುವ ಅರ್ಜುನವಾಡದ ಶಾಸನ 1260ರದು. ಅಂದರೆ ಕಲ್ಯಾಣದ ಘಟನೆಗಳಿಗೂ ಅವುಗಳ ಬರಹಕ್ಕೂ ನಡುವೆ ಎರಡು ಮೂರು ತಲೆಮಾರಿನ ಅಂತರವಿದೆ. ಅಚ್ಚುಗಳು ಒಳಗೆ ಬಂದದ್ದು ಈ ಸಂದಿನಲ್ಲೇ.

ಹಂಪೆಯ ಹರಿಹರನ ರಗಳೆಗಳಲ್ಲಿ ಅವು ಇನ್ನೂ ಬಿಸಿಯಾಗಿವೆ. ಅವನ ‘ಪ್ರಭುದೇವರ ರಗಳೆ’ಯ ಅಲ್ಲಮ ಮದ್ದಳೆ ಬಾರಿಸುವ ಯುವಕ. ಕಾಮಲತೆಯನ್ನು ಪ್ರೀತಿಸುತ್ತಾನೆ, ಅವಳು ಜ್ವರದಿಂದ ಸಾಯುತ್ತಾಳೆ, ಇವನು ಹುಚ್ಚನಂತೆ ಅಲೆಯುತ್ತಾನೆ. ಒಂದು ತೋಟದಲ್ಲಿ ನೆಲದಿಂದ ಕಳಶ ಇಣುಕಿರುವುದನ್ನು ಕಂಡು ಅಗೆಸಿದರೆ ಹೂತುಹೋದ ದೇಗುಲ. ಒಳಗೆ ಕಣ್ಣು ಮಿಟುಕಿಸದೆ ಕೂತ ಅನಿಮಿಷಯ್ಯ. ಅವನ ಕೈಯಿಂದ ಲಿಂಗ. ನಷ್ಟ, ಅಲೆದಾಟ, ಭೂಗರ್ಭಕ್ಕೆ ಇಳಿಯುವುದು, ಮಾತಾಡದ ಗುರು, ಕೈಗೆ ಬರುವ ವಸ್ತು: ದೀಕ್ಷೆಯ ಕಥೆಗೆ ಬೇಕಾದದ್ದೆಲ್ಲ ಇಲ್ಲಿದೆ. ಹದಿನೈದನೆಯ ಶತಮಾನದ ಚಾಮರಸನಿಗೆ ಇದು ಒಪ್ಪಿಗೆಯಾಗಲಿಲ್ಲ. ಅವನ ‘ಪ್ರಭುಲಿಂಗಲೀಲೆ’ಯಲ್ಲಿ ಅಲ್ಲಮನಿಗೆ ಮೋಹವೇ ಇಲ್ಲ. ಮಾಯೆ ಬನವಸಿಯ ಅರಸು ಮಗಳಾಗಿ ಹುಟ್ಟಿ, ಅವನನ್ನು ಹಿಡಿಯಲು ನೋಡಿ ಸೋಲುತ್ತಾಳೆ. ಹರಿಹರನ ಅಲ್ಲಮ ಬೆಳೆಯುತ್ತಾನೆ, ಚಾಮರಸನ ಅಲ್ಲಮ ಬರುವಾಗಲೇ ಪೂರ್ಣ. ಕಥೆಯಾಗಿ ಓದಿದರೆ ಮೊದಲನೆಯದೇ ಮನಸ್ಸಿಗೆ ಹತ್ತಿರ. ಆದರೆ ಮಠಗಳಲ್ಲಿ, ಪುರಾಣ ಪ್ರವಚನಗಳಲ್ಲಿ ಗೆದ್ದದ್ದು ಎರಡನೆಯದು.

ಬಸವಣ್ಣನ ಕಥೆಗೆ ಅಖಂಡ ರೂಪ ಕೊಟ್ಟದ್ದು ಪಾಲ್ಕುರಿಕೆ ಸೋಮನಾಥನ ತೆಲುಗು ‘ಬಸವಪುರಾಣ’. ಅದನ್ನು ಆಧರಿಸಿ ಭೀಮಕವಿ 1369ರಲ್ಲಿ ಕನ್ನಡದ ‘ಬಸವಪುರಾಣ’ ಬರೆದ. ಇಲ್ಲಿ ಕಥೆ ಶುರುವಾಗುವುದು ಕೈಲಾಸದಲ್ಲಿ. ಶಿವನ ಅಪ್ಪಣೆಯಂತೆ ನಂದಿ ಬಾಗೇವಾಡಿಯಲ್ಲಿ ಹುಟ್ಟುತ್ತಾನೆ, ಮುಂದೆ ಬಿಜ್ಜಳನ ಭಂಡಾರಿಯಾಗುತ್ತಾನೆ. ಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾನೆ ಎಂದು ಅರಸನಿಗೆ ಚಾಡಿ ಹೋಗುತ್ತದೆ. ಲೆಕ್ಕ ತೆಗೆಸಿದರೆ ಒಂದು ಕಾಸೂ ಕಡಿಮೆಯಿಲ್ಲ. ಈ ಪ್ರಸಂಗ ಬೇರೆ ಬೇರೆ ವೇಷದಲ್ಲಿ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ಅರಸ ನಾಚಿ ತಲೆತಗ್ಗಿಸುತ್ತಾನೆ, ಪ್ರತಿ ಸಲವೂ ಮುಂದಿನ ಚಾಡಿಗೆ ಕಿವಿ ಕೊಡುತ್ತಾನೆ. ಮರೆಗುಳಿಯೋ ಎಂಬಂಥ ಈ ಅರಸ ಇಲ್ಲದಿದ್ದರೆ ಕಥೆ ಮುಂದೆ ಸಾಗುತ್ತಿರಲಿಲ್ಲ.

ಇಂದು ಕಲ್ಯಾಣದ ಕಥೆಯ ನೆತ್ತಿಯಲ್ಲಿರುವ ಹರಳಯ್ಯ–ಮಧುವಯ್ಯರ ಮಕ್ಕಳ ಮದುವೆ ಸೋಮನಾಥನಲ್ಲಿ ಕಾಣುವುದಿಲ್ಲ. ಅಲ್ಲಿ ಬಿಜ್ಜಳ ಇಬ್ಬರು ಭಕ್ತರ ಕಣ್ಣು ಕೀಳಿಸುತ್ತಾನೆ, ಅಷ್ಟೇ. ಚಮ್ಮಾರನ ಮಗನಿಗೆ ಬ್ರಾಹ್ಮಣನ ಮಗಳನ್ನು ಕೊಟ್ಟದ್ದು, ಬೀಗರಿಬ್ಬರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದ್ದು ಆಮೇಲಿನ ಹೇಳಿಕೆಗಳಲ್ಲಿ ಬಲಿತ ಭಾಗ. ಸೇಡಿನ ಭಾಗ ಮಾತ್ರ ಮೊದಲಿನಿಂದಲೂ ಗಟ್ಟಿ. ಊಟಕ್ಕೆ ಬಂದ ಭಕ್ತ ಜಗದೇವನನ್ನು ಹೆತ್ತ ತಾಯಿಯೇ ಹಂಗಿಸಿ ಎಬ್ಬಿಸುತ್ತಾಳೆ. ಅವನು ಜೊತೆಗಾರರೊಡನೆ ಹೋಗಿ ಬಿಜ್ಜಳನನ್ನು ಕೊಲ್ಲುತ್ತಾನೆ. ಬಸವಣ್ಣ ಕಲ್ಯಾಣ ಹಾಳಾಗಲೆಂದು ಶಪಿಸಿ ಸಂಗಮಕ್ಕೆ ನಡೆಯುತ್ತಾನೆ.

ಈ ಸೇಡಿನ ವೀರನ ಮೂಲ ಅಚ್ಚು ಯಾವುದೆಂದು ತಿಳಿಯಬೇಕಾದರೆ ಪಕ್ಕದ ಹುಮನಾಬಾದಿಗೆ ಹೋಗಬೇಕು. ಅಲ್ಲಿನ ವೀರಭದ್ರೇಶ್ವರನ ಜಾತ್ರೆ ಜನವರಿಯಲ್ಲಿ ನಡೆಯುತ್ತದೆ. ಕೆಂಪು ಉಡುಗೆ ತೊಟ್ಟು ಕತ್ತಿ ಹಿಡಿದ ಪುರವಂತರು ಒಡಪು ಹೇಳುತ್ತ ಕುಣಿಯುವ ಕಥೆ ದಕ್ಷಯಜ್ಞದ್ದು. ಮಾವನ ಮನೆಯಲ್ಲಿ ಶಿವನಿಗೆ ಅವಮಾನ, ಸತಿಯ ಸಾವು, ಶಿವನ ಜಡೆಯಿಂದ ಎದ್ದ ವೀರಭದ್ರ, ದಕ್ಷನ ತಲೆ ಉರುಳುವುದು. ಅವಮಾನಗೊಂಡ ಶಿವ ಸುಮ್ಮನಿರುತ್ತಾನೆ, ಶಿವನ ಕೋಪ ಬೇರೆ ಮೈ ತಾಳಿ ಹೋಗುತ್ತದೆ. ಬಸವಣ್ಣ ಕೈಯೆತ್ತುವುದಿಲ್ಲ, ಜಗದೇವ ಎತ್ತುತ್ತಾನೆ. ಕೊಲೆಯ ಭಾರ ನಾಯಕನ ಮೈಗೆ ಅಂಟದಂತೆ ನೋಡಿಕೊಳ್ಳುವ ಈ ಉಪಾಯ ಪುರಾಣಕಾರನಿಗೆ ಹೊಸದಾಗಿ ಹೊಳೆಯಬೇಕಿರಲಿಲ್ಲ. ಕೇಳುಗರಿಗೆ ಅದು ಮೊದಲೇ ಬಾಯಿಪಾಠವಾಗಿತ್ತು.

ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ವಚನಗಳನ್ನು ಸಂವಾದವಾಗಿ ಜೋಡಿಸಿ ‘ಶೂನ್ಯಸಂಪಾದನೆ’ ಕಟ್ಟಿದ. ಆಮೇಲೆ ಇನ್ನೂ ಮೂವರು ಅದನ್ನು ಹಿಗ್ಗಿಸಿ ತಿದ್ದಿದರು. ಇದರ ಬೆನ್ನೆಲುಬು ಒಂದೇ: ಭೇಟಿ, ಪರೀಕ್ಷೆ, ಒಪ್ಪಿಗೆ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಅಲ್ಲಮ ಬೇಕೆಂದೇ ಒಡ್ಡನೆಂದು ಕರೆದು ಕೆಣಕುತ್ತಾನೆ. ಆಳುಗಳು ಕಲ್ಲು ಬೀರುತ್ತಾರೆ, ಸಿದ್ಧರಾಮನ ಹಣೆಗಣ್ಣಿನ ಕಿಚ್ಚು ಅಲ್ಲಮನನ್ನು ತಾಗದೆ ಹೋಗುತ್ತದೆ. ಗೋರಕ್ಷನ ಪ್ರಸಂಗ ಇನ್ನೂ ಸೊಗಸು. ವಜ್ರಕಾಯ ಸಾಧಿಸಿದ ಅವನು ಕತ್ತಿ ಕೊಟ್ಟು ತನ್ನನ್ನು ಹೊಡೆ ಎನ್ನುತ್ತಾನೆ. ಅಲ್ಲಮ ಹೊಡೆದರೆ ಲೋಹಕ್ಕೆ ಲೋಹ ತಾಕಿದಂತೆ ಖಣಿಲೆನ್ನುತ್ತದೆ, ಕೂದಲೂ ಕೊಂಕುವುದಿಲ್ಲ. ಸರದಿ ತಿರುಗಿ ಗೋರಕ್ಷ ಅಲ್ಲಮನ ಮೇಲೆ ಕತ್ತಿ ಬೀಸಿದರೆ ಅದು ಬಯಲಿನಲ್ಲಿ ಆಡಿದ ಹಾಗೆ ಇತ್ತಿಂದತ್ತ ಹಾದುಹೋಗುತ್ತದೆ. ಸದ್ದು ಮಾಡುವ ಮೈ ಸೋತಿತು, ಸದ್ದಿಲ್ಲದ ಮೈ ಗೆದ್ದಿತು. ಇಬ್ಬರು ಸಾಧಕರ ಕತ್ತಿಕಾಳಗವನ್ನು ಒಂದು ತತ್ತ್ವಕ್ಕಾಗಿ ಇಷ್ಟು ಮಿತವಾಗಿ ಬಳಸಿದ ಉದಾಹರಣೆ ಕಡಿಮೆ.

ಇಂಥ ಅಚ್ಚುಗಳು ಕಲ್ಯಾಣದ ಸ್ವತ್ತಲ್ಲ. ಅಮೆರಿಕದ ಜೋಸೆಫ್ ಕ್ಯಾಂಪ್‌ಬೆಲ್ 1949ರಲ್ಲಿ ಪ್ರಕಟಿಸಿದ ‘ದಿ ಹೀರೋ ವಿತ್ ಎ ಥೌಸಂಡ್ ಫೇಸಸ್’ ಗ್ರಂಥದಲ್ಲಿ ಲೋಕದ ವೀರಗಾಥೆಗಳಿಗೆಲ್ಲ ಕರೆ, ಹೊರಡುವಿಕೆ, ಪರೀಕ್ಷೆ, ಮರಳುವಿಕೆ ಎಂಬ ಒಂದೇ ಸುತ್ತು ಹಾಕಿದ. ಅದನ್ನು ಓದಿದ ಜಾರ್ಜ್ ಲೂಕಸ್ 1977ರಲ್ಲಿ ‘ಸ್ಟಾರ್ ವಾರ್ಸ್’ ತೆರೆಗೆ ತಂದ. ಹೊಲಮನೆಯಲ್ಲಿ ಬೆಳೆದ ಹುಡುಗ, ಮುದಿ ಗುರು, ಬೆಳಕಿನ ಕತ್ತಿ, ಮುಖವಾಡದ ಶತ್ರು, ಮುಂದಿನ ಚಿತ್ರದಲ್ಲಿ ಆ ಶತ್ರುವೇ ತಂದೆ. ಅಲ್ಲಿ ನಾಯಕನ ಬೆಲೆ ಬಹಳ ಮಟ್ಟಿಗೆ ಅವನ ರಕ್ತದಲ್ಲಿದೆ. ಕಲ್ಯಾಣದ ಕಥೆ ತಿರುಗುವುದು ಇಲ್ಲಿಯೇ.

ಮೋಳಿಗೆಯ ಮಾರಯ್ಯ ಕಥೆಯ ಪ್ರಕಾರ ಕಾಶ್ಮೀರದ ಅರಸ. ಸಾಮಾನ್ಯ ಗಾಥೆಯಲ್ಲಿ ಕಟ್ಟಿಗೆ ಮಾರುವವನು ಕೊನೆಗೆ ಅರಸುಮಗನೆಂದು ತಿಳಿಯುತ್ತದೆ. ಇಲ್ಲಿ ಅರಸನೇ ರಾಜ್ಯ ಬಿಟ್ಟು ಕಲ್ಯಾಣಕ್ಕೆ ಬಂದು ಕಟ್ಟಿಗೆ ಹೊರೆ ಮಾರಿ ಬದುಕುತ್ತಾನೆ. ಅವನ ನೆನಪನ್ನು ಹುಮನಾಬಾದ್ ತಾಲ್ಲೂಕಿನ ಮೋಳಕೇರಾ ಇಂದಿಗೂ ಉಳಿಸಿಕೊಂಡಿದೆ. ನುಲಿಯ ಚಂದಯ್ಯ ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಕೊರಳ ಲಿಂಗ ನೀರಿಗೆ ಜಾರುತ್ತದೆ. ಅವನು ತಿರುಗಿ ನೋಡದೆ ಹುಲ್ಲಿನ ಹೊರೆ ಹೊತ್ತು ಮನೆಗೆ ನಡೆದರೆ, ಲಿಂಗವೇ ಹಿಂದೆ ಹಿಂದೆ ಬರುತ್ತದೆ. ಮಡಿವಾಳ ಮಾಚಯ್ಯ ನಡುವೆ ಬಂದು ರಾಜಿ ಮಾಡಿಸಬೇಕಾಗುತ್ತದೆ. ದಿನದ ಪಾಲಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನನ್ನು ಆಯ್ದಕ್ಕಿ ಲಕ್ಕಮ್ಮ ಹಾಗೆಯೇ ಹಿಂದಕ್ಕೆ ಕಳಿಸುತ್ತಾಳೆ. ಪರೀಕ್ಷಿಸುವವರು ಸಣ್ಣವರು, ಪರೀಕ್ಷೆಗೆ ಒಳಗಾಗುವವರು ದೊಡ್ಡವರು. ದೇವರೂ ಆ ಪಟ್ಟಿಗೆ ಸೇರಿದವನೇ.

ಹೆಣ್ಣಿನ ಅಚ್ಚು ಬೇರೆ. ಮೈಸೂರಿನಲ್ಲಿ ಹುಟ್ಟಿ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಕಲಿಸಿದ ಎ. ಕೆ. ರಾಮಾನುಜನ್, ಸಂತಮಹಿಳೆಯರ ಚರಿತ್ರೆಗಳಲ್ಲಿ ಬಾಲ್ಯದ ಭಕ್ತಿ, ಲೋಕದ ಮದುವೆಯ ನಿರಾಕರಣೆ, ಕಟ್ಟಳೆ ಮುರಿಯುವುದು, ದೀಕ್ಷೆ, ದೇವರೊಡನೆ ಮದುವೆ ಎಂಬ ಹಂತಗಳನ್ನು ಗುರುತಿಸಿದರು. ಅಕ್ಕಮಹಾದೇವಿಯ ಕಥೆ ಇದಕ್ಕೆ ಪಡಿಯಚ್ಚು. ಹರಿಹರನಲ್ಲಿ ಅವಳು ಮೂರು ಷರತ್ತು ಹಾಕಿ ಅರಸ ಕೌಶಿಕನನ್ನು ಮದುವೆಯಾಗುತ್ತಾಳೆ, ಮೂರೂ ಮುರಿದಾಗ ಹೊರಟು ನಿಲ್ಲುತ್ತಾಳೆ. ಚಾಮರಸನಲ್ಲಿ ಆ ಮದುವೆಯೇ ನಡೆಯುವುದಿಲ್ಲ. ಅಲ್ಲಮನಿಗೆ ಆದ ಶುದ್ಧೀಕರಣ ಅಕ್ಕನಿಗೂ ಆಯಿತು.

ಅಚ್ಚುಗಳು ಎಷ್ಟು ಗಟ್ಟಿ ಎಂಬುದಕ್ಕೆ ಎದುರು ಪಕ್ಷದ ಕಥೆಯೇ ಸಾಕ್ಷಿ. ಹದಿನೇಳನೆಯ ಶತಮಾನದ ಜೈನ ಕವಿ ಧರಣಿಪಂಡಿತನ ‘ಬಿಜ್ಜಳರಾಯ ಚರಿತೆ’ಯಲ್ಲಿ ಧರ್ಮಿಷ್ಠ ಅರಸ ಬಿಜ್ಜಳ, ಚೆಲುವೆಯಾದ ತಂಗಿಯನ್ನು ಅವನಿಗೆ ಕೊಟ್ಟು ಅಧಿಕಾರಕ್ಕೇರುವ ಕುಟಿಲ ಮಂತ್ರಿ ಬಸವ. ದಂಡಯಾತ್ರೆಯಿಂದ ಮರಳುವ ಅರಸನಿಗೆ ವೇಷಧಾರಿಯ ಕೈಯಲ್ಲಿ ವಿಷದ ಹಣ್ಣು ಕಳಿಸುವವನೂ ಅವನೇ. ಮಂತ್ರಿ, ಅರಸ, ವಂಚನೆ, ಕೊಲೆ, ಪಲಾಯನ ಯಾವುದೂ ಬದಲಾಗಿಲ್ಲ. ಒಳ್ಳೆಯವನ ಕುರ್ಚಿಯಲ್ಲಿ ಕೂತವನು ಮಾತ್ರ ಬೇರೆ.

ಶರಣರ ಕಥೆಯಲ್ಲಿ ಪಲಾಯನದ ಭಾಗ ಕಲ್ಯಾಣವನ್ನು ದಾಟಿ ಬೆಳೆಯಿತು. ಬಸವಣ್ಣನ ಸೋದರಳಿಯ ಚನ್ನಬಸವಣ್ಣನ ಮುಂದಾಳ್ತನದಲ್ಲಿ ವಚನದ ಕಟ್ಟುಗಳನ್ನು ಹೊತ್ತ ಗುಂಪು, ಬೆನ್ನಟ್ಟುವ ಸೈನ್ಯ, ಕೊನೆಗೆ ಕಾಡಿನ ನಡುವಿನ ಉಳವಿ. ದಾರಿಯ ಊರುಗಳು ಒಂದೊಂದು ಕಾಳಗವನ್ನೋ ಒಬ್ಬೊಬ್ಬ ಶರಣನ ಸಮಾಧಿಯನ್ನೋ ತಮ್ಮದಾಗಿಸಿಕೊಂಡವು. ಜೊತೆಗೆ ಕಾಲಜ್ಞಾನದ ವಚನಗಳು ಹುಟ್ಟಿದವು: ಹಾಳಾದ ಕಲ್ಯಾಣ ಮತ್ತೆ ಕಟ್ಟಲ್ಪಡುತ್ತದೆ, ವೀರವಸಂತರಾಯ ಬಂದು ಅಲ್ಲಿ ಆಳುತ್ತಾನೆ. ಬರಲಿರುವ ಅರಸನ ಈ ನಿರೀಕ್ಷೆಯನ್ನು ಮಠಗಳು ಶತಮಾನಗಟ್ಟಲೆ ಜೀವಂತವಾಗಿಟ್ಟವು. ಅರಮನೆಗಳಿಗೂ ಆ ಹೆಸರಿನ ಮೇಲೆ ಕಣ್ಣಿತ್ತು. ವಿಜಯನಗರದ ಅಳಿಯ ರಾಮರಾಯನ ಅರವೀಡು ವಂಶದವರು ತಾವು ಚಾಲುಕ್ಯ ಕುಲದವರೆಂದೂ ಕಲ್ಯಾಣದ ಒಡೆಯರೆಂದೂ ಹೇಳಿಕೊಂಡರು. ಆ ಕೋಟೆಗಾಗಿ ರಾಮರಾಯ ಸುಲ್ತಾನರೊಡನೆ ಕಾದಾಡಿದ.

ಸುಲ್ತಾನರ ಕಾಲದ ಕಲ್ಯಾಣಕ್ಕೆ ತನ್ನದೇ ನಾಯಕರು ಬಂದರು. ಊರಿನ ದರ್ಗಾ ರಾಜಾ ಬಾಗ್ ಸವಾರ್ ಅವರದು, ಅಂದರೆ ಹುಲಿಯ ಮೇಲೆ ಸವಾರಿ ಮಾಡಿದ ಸಂತರದು. ಒಬ್ಬ ಸಾಧಕ ಹುಲಿ ಏರಿ ಬರುವುದು, ಇನ್ನೊಬ್ಬ ಕೂತ ಗೋಡೆಯನ್ನೇ ನಡೆಸಿಕೊಂಡು ಎದುರುಗೊಳ್ಳುವುದು ದಖನಿನ ಸೂಫಿಗಳಲ್ಲೂ ಮರಾಠಿಯ ಜ್ಞಾನೇಶ್ವರ–ಚಾಂಗದೇವರ ಕಥೆಯಲ್ಲೂ ಬರುವ ಆಶಯ. ಹತ್ತೊಂಬತ್ತನೆಯ ಶತಮಾನದಲ್ಲಿ ಅದೇ ನೆಲದಲ್ಲಿ ಮಾಣಿಕಪ್ರಭುಗಳ ಚರಿತ್ರೆ ರೂಪುಗೊಂಡಿತು. 1817ರಲ್ಲಿ ದತ್ತ ಜಯಂತಿಯ ದಿನ ಲಾಡವಂತಿಯಲ್ಲಿ ಜನನ, ಕಲ್ಯಾಣದ ಸೋದರಮಾವನ ಮನೆಯಲ್ಲಿ ಬಾಲ್ಯ, ಸತ್ತ ಗೆಳೆಯನನ್ನು ಆಟಕ್ಕೆ ಕರೆದು ಎಬ್ಬಿಸಿದ ಪವಾಡ, ಮನೆ ತೊರೆದು ಅಲೆದಾಟ, 1845ರಲ್ಲಿ ಹುಮನಾಬಾದಿನ ಬಳಿ ಮಾಣಿಕನಗರದಲ್ಲಿ ನೆಲೆ, 1865ರಲ್ಲಿ ಸಮಾಧಿ. ಕಾರಣಜನ್ಮದ ಅಚ್ಚು ಇಲ್ಲಿ ಪೂರ್ತಿ ಇದೆ, ಶತ್ರು ಮಾತ್ರ ಇಲ್ಲ. ಎಲ್ಲ ಮತಗಳನ್ನೂ ಒಪ್ಪುವ ಸಕಲಮತ ಸಂಪ್ರದಾಯದ ಕಥೆಗೆ ಖಳನಾಯಕನನ್ನು ಎಲ್ಲಿಂದ ತರುವುದು?

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೈದರಾಬಾದ್ ಸೀಮೆಯ ಕಲ್ಯಾಣಿ ಕನ್ನಡನಾಡಿಗೆ ಸೇರಿ ಬಸವಕಲ್ಯಾಣವೆನಿಸಿತು. 1959ರ ‘ಜಗಜ್ಯೋತಿ ಬಸವೇಶ್ವರ’ ಚಿತ್ರದಲ್ಲಿ ಹೊನ್ನಪ್ಪ ಭಾಗವತರ್ ಬಸವಣ್ಣನಾದರು. ಚಿತ್ರ ಪುರಾಣದ ದಾರಿಯನ್ನೇ ಹಿಡಿಯಿತು. ನಾಟಕಕಾರರು ಹಿಡಿಯಲಿಲ್ಲ. ಪಿ. ಲಂಕೇಶರ ‘ಸಂಕ್ರಾಂತಿ’ (1971), ಎಚ್. ಎಸ್. ಶಿವಪ್ರಕಾಶರ ‘ಮಹಾಚೈತ್ರ’ (1986), ಗಿರೀಶ ಕಾರ್ನಾಡರ ‘ತಲೆದಂಡ’ (1990) ಮೂರೂ ಕೈಲಾಸದ ಪೀಠಿಕೆಯನ್ನು ಕತ್ತರಿಸಿದವು. ಕಾರ್ನಾಡರಲ್ಲಿ ಬಿಜ್ಜಳ ಮೊದಲ ಬಾರಿಗೆ ಪೂರ್ಣ ಮನುಷ್ಯನಾಗುತ್ತಾನೆ: ಹುಟ್ಟಿನ ಅವಮಾನ ಮರೆಯದವನು, ಜಾತಿ ಕೇಳದ ಶರಣರನ್ನು ಅದಕ್ಕಾಗಿಯೇ ಮೆಚ್ಚುವವನು. ಖಳನ ಜಾಗಕ್ಕೆ ಮಗ ಸೋವಿದೇವ ಬರುತ್ತಾನೆ. ಜಗದೇವ ಗರ್ಭಗುಡಿಯೊಳಗೆ ಬಿಜ್ಜಳನನ್ನು ಇರಿದು ಕೊಲ್ಲುತ್ತಾನೆ, ಆದರೆ ಅವನನ್ನು ಕಳಿಸಿದ ತಾಯಿಯಾಗಲಿ ಹರಸುವ ಶಿವನಾಗಲಿ ಈ ನಾಟಕದಲ್ಲಿಲ್ಲ. ಪಟ್ಟವೇರಿದ ಸೋವಿದೇವ ಶರಣರನ್ನು ಬೇಟೆಯಾಡಲು ಆಜ್ಞೆ ಹೊರಡಿಸುವಲ್ಲಿಗೆ ಪರದೆ ಬೀಳುತ್ತದೆ.