ಕೂತವರನ್ನು ಎಬ್ಬಿಸಿದ ಚರಿತ್ರೆ

ಇಂದಿನ ಸಕ್ಕರೆ ಕಾಯಿಲೆಯನ್ನೂ ಒಳಗೊಳ್ಳುವ ಪ್ರಮೇಹಕ್ಕೆ ಕಾರಣಗಳನ್ನು ಎಣಿಸುವಾಗ ಆಯುರ್ವೇದದ ಚರಕ ಸಂಹಿತೆ ಮೊದಲು ಹೆಸರಿಸುವುದು ಮೊಸರನ್ನಲ್ಲ, ಬೆಲ್ಲವನ್ನಲ್ಲ, ಸುಖವಾಗಿ ಕೂತಿರುವುದನ್ನು. ನಿದ್ದೆಯ ಸುಖ ಅದರ ಬೆನ್ನಿಗೆ ಬರುತ್ತದೆ, ಆಹಾರದ ಮಾತು ಆಮೇಲೆ. ಚಿಕಿತ್ಸೆಯಲ್ಲಿ ಸುಶ್ರುತ ಸಂಹಿತೆ ಇನ್ನೂ ನಿಷ್ಠುರ. ಹಣವಿಲ್ಲದ ರೋಗಿ ಕೊಡೆ, ಪಾದರಕ್ಷೆ ಇಲ್ಲದೆ ನೂರು ಯೋಜನ ನಡೆಯಬೇಕು. ಬಾವಿ ತೋಡುವ ಕೆಲಸವನ್ನೂ ಅದು ಚಿಕಿತ್ಸೆಯೆಂದೇ ಹೇಳುತ್ತದೆ. ರೋಗ ಬಂದದ್ದು ಕೂತಿದ್ದರಿಂದ ಎಂಬ ಗ್ರಹಿಕೆ ಇಲ್ಲಿ ಸ್ಪಷ್ಟವಾಗಿದೆ. ಆದರೆ ಸೂಚಿಸಿದ ಪರಿಹಾರ ಗಟ್ಟಿ ಮೈಯವರಿಗೆ ಮಾತ್ರ ಸಾಧ್ಯವಾದದ್ದು. ತೂಕ ಹೆಚ್ಚಿ, ಮಂಡಿ ಸವೆದ ಮುದುಕರು ಏನು ಮಾಡಬೇಕೆಂಬ ಪ್ರಶ್ನೆಗೆ ಉತ್ತರ ಬಹುಕಾಲ ಯಾವ ದೇಶದ ವೈದ್ಯದಲ್ಲೂ ಸರಿಯಾಗಿ ಸಿಗಲಿಲ್ಲ.

ಯುರೋಪಿನಲ್ಲಿ ಇಟಲಿಯ ವೈದ್ಯ ಬರ್ನಾರ್ದಿನೊ ರಾಮಜ್ಜಿನಿ 1700ರಲ್ಲಿ ಕಸುಬುದಾರರ ಕಾಯಿಲೆಗಳ ಬಗ್ಗೆ ಗ್ರಂಥ ಪ್ರಕಟಿಸಿದಾಗ ದರ್ಜಿಗಳು, ಚಪ್ಪಲಿ ಹೊಲಿಯುವವರು ಮೊದಲಾದ ಕೂತು ದುಡಿಯುವವರಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟ. ಅವರ ಬಾಗಿದ ಬೆನ್ನನ್ನು ಗಮನಿಸಿದ, ರಜೆಯ ದಿನಗಳಲ್ಲಾದರೂ ಮೈ ಅಲುಗಾಡಿಸಿ ಎಂದು ಸಲಹೆ ಕೊಟ್ಟ. ಲೆಕ್ಕ ಹಾಕಿ ತೋರಿಸುವ ಕೆಲಸ ಮಾತ್ರ ಇಪ್ಪತ್ತನೆಯ ಶತಮಾನದವರೆಗೆ ಬಾಕಿ ಉಳಿಯಿತು.

ಅದನ್ನು ಮಾಡಿದವರು ಲಂಡನ್ನಿನ ವೈದ್ಯ ಜೆರ್ರಿ ಮಾರಿಸ್. ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಹೃದಯಾಘಾತ ಏಕೆ ಏರುತ್ತಿದೆ ಎಂಬುದು ತಿಳಿದಿರಲಿಲ್ಲ. ಲಂಡನ್ನಿನ ಎರಡಂತಸ್ತಿನ ಬಸ್ಸು ಮಾರಿಸ್ ತಂಡಕ್ಕೆ ಸಿದ್ಧ ಪ್ರಯೋಗಶಾಲೆಯಾಯಿತು. ಒಂದೇ ಸಂಸ್ಥೆ, ಒಂದೇ ಬಗೆಯ ಸಾಮಾಜಿಕ ಹಿನ್ನೆಲೆ, ಒಂದೇ ವಾಹನ. ಡ್ರೈವರ್ ಪಾಳಿಯುದ್ದಕ್ಕೂ ಕೂತಿರುತ್ತಿದ್ದ, ಕಂಡಕ್ಟರ್ ಟಿಕೆಟ್ ಕೊಡಲು ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಿದ್ದ. 35ರಿಂದ 64 ವಯಸ್ಸಿನ ಸುಮಾರು 31,000 ಸಾರಿಗೆ ನೌಕರರ ದಾಖಲೆಗಳನ್ನು ಪರಿಶೀಲಿಸಿದ ವರದಿ 1953ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಡಿಮೆಯಿತ್ತು. ಬಂದರೂ ತಡವಾಗಿ ಬರುತ್ತಿತ್ತು, ಪ್ರಾಣ ತೆಗೆಯುವುದೂ ಕಡಿಮೆ. ಓಡಾಡುವ ಅಂಚೆಯವರನ್ನೂ ಕುರ್ಚಿಯ ಗುಮಾಸ್ತರನ್ನೂ ಹೋಲಿಸಿದಾಗ ಅದೇ ಚಿತ್ರ ಕಾಣಿಸಿತು.

ಮಾರಿಸ್ ತಂಡದ ಪ್ರಾಮಾಣಿಕತೆ ಮೆಚ್ಚಬೇಕಾದದ್ದು. ತಮ್ಮ ತೀರ್ಮಾನವನ್ನು ತಾವೇ ಪ್ರಶ್ನಿಸಲು ಅವರು ಸಂಸ್ಥೆ ಹೊಲಿಸಿಕೊಡುತ್ತಿದ್ದ ಸಮವಸ್ತ್ರಗಳ ಅಳತೆ ಪುಸ್ತಕ ತೆಗೆದರು. ಡ್ರೈವರುಗಳ ಪ್ಯಾಂಟಿನ ಸೊಂಟದಳತೆ ಕಂಡಕ್ಟರುಗಳದ್ದಕ್ಕಿಂತ ದೊಡ್ಡದಿತ್ತು, ಎಳೆಯ ವಯಸ್ಸಿನವರಲ್ಲೂ. ಇದು 1956ರಲ್ಲಿ ಪ್ರಕಟವಾಯಿತು. ಕೂತದ್ದರಿಂದ ಬೊಜ್ಜೋ, ಬೊಜ್ಜಿನವರೇ ಕೂರುವ ಕೆಲಸ ಹಿಡಿದರೋ ಎಂಬ ಗಂಟು ಅಂದಿನಿಂದ ಇಂದಿನವರೆಗೂ ಈ ವಿಷಯದ ಜೊತೆಗೇ ಬಂದಿದೆ.

ಬಸ್ಸಿನ ಅಧ್ಯಯನದಿಂದ ಜಗತ್ತು ಕಲಿತ ಪಾಠ ವ್ಯಾಯಾಮ ಮಾಡಬೇಕು ಎಂಬುದು. ಕಡಿಮೆ ಕೂರಬೇಕು ಎಂಬ ಇನ್ನರ್ಧವನ್ನು ಯಾರೂ ಎತ್ತಿಕೊಳ್ಳಲಿಲ್ಲ. ಮುಂದಿನ ದಶಕಗಳು ಓಟದವು, ಜಿಮ್ಮಿನವು. 1966ರ ಡಲ್ಲಾಸ್ ಪ್ರಯೋಗದಲ್ಲಿ ಐವರು ಯುವಕರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿದಾಗ ಅವರ ಕಸುವು ಎಷ್ಟು ಕುಸಿಯಿತೆಂದರೆ, ಅದೇ ಐವರನ್ನು ಮೂವತ್ತು ವರ್ಷದ ನಂತರ ಪರೀಕ್ಷಿಸಿದಾಗ ವಯಸ್ಸಿನಿಂದಾದ ನಷ್ಟ ಆ ಮೂರು ವಾರದ ನಷ್ಟಕ್ಕಿಂತ ಕಡಿಮೆಯಿತ್ತು. ಮುಪ್ಪಿನ ದೌರ್ಬಲ್ಯ ಎಂದುಕೊಂಡದ್ದರಲ್ಲಿ ಎಷ್ಟು ಪಾಲು ನಿಶ್ಚಲತೆಯದ್ದು ಎಂದು ಕೇಳಲು ಇಷ್ಟು ಸಾಕಿತ್ತು. ಆದರೂ ನಡಿಗೆಯೇ ಕಷ್ಟವಾದವರಿಗೆ ಬೆಳಗಿನ ಅರ್ಧ ಗಂಟೆ ಬಿರುಸಾಗಿ ನಡೆಯಿರಿ ಎನ್ನುವ ಚೀಟಿಯೇ ಸಿಗುತ್ತಿತ್ತು. ಅದನ್ನು ಪಾಲಿಸಲಾಗದವರು ಸೋಮಾರಿಗಳೆನಿಸಿಕೊಂಡರು, ಇದು ಅನ್ಯಾಯ.

ದಿಕ್ಕು ಬದಲಾದದ್ದು 2005ರಲ್ಲಿ. ಅಮೆರಿಕದ ಮೇಯೋ ಕ್ಲಿನಿಕ್ಕಿನ ಜೇಮ್ಸ್ ಲೆವಿನ್ ತಂಡ ಹತ್ತು ತೆಳ್ಳನೆಯವರ, ಹತ್ತು ದಪ್ಪಗಿನವರ ಒಳಉಡುಪಿಗೆ ಸಂವೇದಕಗಳನ್ನು ಅಳವಡಿಸಿ, ಹತ್ತು ದಿನ ಅವರ ಪ್ರತಿ ಭಂಗಿಯನ್ನೂ ದಾಖಲಿಸಿತು. ಯಾರೂ ವ್ಯಾಯಾಮ ಮಾಡುವವರಲ್ಲ. ದಪ್ಪಗಿನವರು ತೆಳ್ಳನೆಯವರಿಗಿಂತ ದಿನಕ್ಕೆ ಎರಡು ಗಂಟೆಗೂ ಹೆಚ್ಚು ಹೊತ್ತು ಕೂರುತ್ತಿದ್ದರು. ಶಕ್ತಿಯ ಲೆಕ್ಕದಲ್ಲಿ ಅದು ಸುಮಾರು 350 ಕ್ಯಾಲೊರಿ. ತೂಕ ಇಳಿಸಿದ ಮೇಲೂ ಅವರು ಕೂರುವ ರೀತಿ ಬದಲಾಗಲಿಲ್ಲ ಎಂಬುದು ಹೆಚ್ಚು ಯೋಚಿಸಬೇಕಾದ ಸಂಗತಿ.

ಮುಂದಿನ ಹೆಜ್ಜೆ ಆಸ್ಟ್ರೇಲಿಯಾದಲ್ಲಿ. ಒಟ್ಟು ಕೂತ ಹೊತ್ತು ಒಂದೇ ಆದರೂ ನಡುನಡುವೆ ಏಳುವವರ ಸೊಂಟದಳತೆ ಸಣ್ಣದಿರುವುದನ್ನು ಜೆನೆವೀವ್ ಹೀಲಿ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದರು. 2012ರಲ್ಲಿ ಡೇವಿಡ್ ಡನ್ಸ್ಟನ್ ತಂಡ 45ರಿಂದ 65 ವಯಸ್ಸಿನ, ಅತಿತೂಕದ 19 ಮಂದಿಯನ್ನು ಸಿಹಿ ಪಾನೀಯ ಕುಡಿಸಿ ಐದು ಗಂಟೆ ಕೂರಿಸಿತು. ಪ್ರತಿ 20 ನಿಮಿಷಕ್ಕೊಮ್ಮೆ ಎರಡು ನಿಮಿಷ ನಿಧಾನವಾಗಿ ನಡೆದ ದಿನ ಅವರ ರಕ್ತದ ಸಕ್ಕರೆಯ ಏರಿಕೆ ಸುಮಾರು ಕಾಲು ಭಾಗ ತಗ್ಗಿತು. ಬೆವರು ಬರಿಸದ ನಡಿಗೆಗೆ ಇಷ್ಟು ಫಲವಿದೆ ಎಂಬುದೇ ಹಿರಿಯರ ಪಾಲಿಗೆ ಬಾಗಿಲು ತೆರೆಯಿತು. 2011ರಲ್ಲೇ ಅಲ್ಲಿನ 60 ದಾಟಿದ 59 ಮಂದಿಗೆ ಒಂದೇ ಬಾರಿ ಕೂತು ಮಾತಾಡಿ ಗುರಿ ಹಾಕಿಕೊಟ್ಟಾಗ ಅವರ ಕೂರುವಿಕೆ ಶೇ. 3ರಷ್ಟು ಇಳಿದಿತ್ತು. ಫಲ ಚಿಕ್ಕದು, ಆದರೆ ಈ ವಯಸ್ಸಿನವರು ಬದಲಾಗುವುದಿಲ್ಲ ಎಂಬ ಮಾತು ಸುಳ್ಳಾಯಿತು.

ತೂಕ ಹೆಚ್ಚಿದ ವೃದ್ಧರಿಗೆಂದೇ ರೂಪಿಸಿದ ದೊಡ್ಡ ಪರೀಕ್ಷೆ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಡೋರಿ ರೋಸೆನ್‌ಬರ್ಗ್ ನೇತೃತ್ವದಲ್ಲಿ ನಡೆದು 2024ರಲ್ಲಿ ಪ್ರಕಟವಾಯಿತು. 60ರಿಂದ 89 ವಯಸ್ಸಿನ 283 ಮಂದಿ, ಎಲ್ಲರ ದೇಹತೂಕ ಸೂಚ್ಯಂಕ 30ರಿಂದ 50ರೊಳಗೆ. ಅರ್ಧದಷ್ಟು ಜನರಿಗೆ ಆರು ತಿಂಗಳಲ್ಲಿ ಹತ್ತು ಬಾರಿ ಆರೋಗ್ಯ ಸಲಹೆ, ಮೇಜಿನ ಮೇಲಿಟ್ಟು ನಿಂತು ಕೆಲಸ ಮಾಡಬಹುದಾದ ಡೆಸ್ಕು, ಏಳಲು ನೆನಪಿಸುವ ಕೈಪಟ್ಟಿ. ಯಾರಿಗೂ ಓಡಿ ಎನ್ನಲಿಲ್ಲ. ಉಳಿದವರಿಗಿಂತ ಇವರು ದಿನಕ್ಕೆ 31 ನಿಮಿಷ ಕಡಿಮೆ ಕೂತರು, ಮೇಲಿನ ರಕ್ತದೊತ್ತಡ ಸುಮಾರು 3.5 ಅಂಕ ಇಳಿಯಿತು. ಇದರ ನಾಲ್ಕು ವರ್ಷ ಮೊದಲೇ, 2020ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ತನ್ನ ಮಾರ್ಗಸೂಚಿಯಲ್ಲಿ 65 ದಾಟಿದವರೂ ಸೇರಿದಂತೆ ಎಲ್ಲರೂ ಕೂರುವುದನ್ನು ಮಿತಿಗೊಳಿಸಬೇಕೆಂದು ಸೇರಿಸಿತ್ತು. ಗಂಟೆಗಳ ಮಿತಿಯನ್ನು ಮಾತ್ರ ಹೇಳಲಿಲ್ಲ.

ಕೂರುವ ಬಗೆಯೂ ಮುಖ್ಯ ಎಂಬುದು ಇತ್ತೀಚಿನ ಸೇರ್ಪಡೆ. ತಾಂಜಾನಿಯಾದ ಹಾಡ್ಜಾ ಬೇಟೆಗಾರರು ದಿನಕ್ಕೆ ಸುಮಾರು ಹತ್ತು ಗಂಟೆ ವಿಶ್ರಾಂತಿಯಲ್ಲೇ ಇರುತ್ತಾರೆ. ಆದರೆ ಕುಕ್ಕುರುಗಾಲಲ್ಲಿ, ಮಂಡಿಯೂರಿ ಕೂರುವುದರಿಂದ ಅವರ ಕಾಲಿನ ಸ್ನಾಯುಗಳು ಪೂರ್ತಿ ಸುಮ್ಮನಿರುವುದಿಲ್ಲ ಎಂದು 2020ರ ಅಧ್ಯಯನವೊಂದು ಅಳೆದು ತೋರಿಸಿದೆ. ನೆಲದ ಮೇಲೆ ಉಂಡು, ಮಣೆಯ ಮೇಲೆ ತರಕಾರಿ ಹೆಚ್ಚಿ, ದಿನಕ್ಕೆ ಹತ್ತಾರು ಬಾರಿ ಕೂತು ಏಳುತ್ತಿದ್ದ ಕರ್ನಾಟಕದ ಮನೆಗಳಲ್ಲಿ ಈಗ ಸೋಫಾ, ಡೈನಿಂಗ್ ಟೇಬಲ್ಲು ಬಂದಿವೆ. ಮಂಡಿ ನೋವಿನವರಿಗೆ ಅವು ಬೇಕೇ ಬೇಕು. ಆದರೆ ಕಳೆದುಹೋಗುವ ಕೂತೇಳುವ ಶ್ರಮಕ್ಕೆ ಬದಲಿ ಹುಡುಕುವುದೂ ಅಷ್ಟೇ ಅಗತ್ಯ. ಭಾರತೀಯ ವೈದ್ಯರು ಬೊಜ್ಜೆಂದು ಎಣಿಸುವುದು ಸೂಚ್ಯಂಕ 25ರಿಂದಲೇ. ಹಾಗಾಗಿ ವಾಷಿಂಗ್ಟನ್ನಿನ ಪರೀಕ್ಷೆಗೆ ಸೇರಲು ಅರ್ಹರಾಗದ ಎಷ್ಟೋ ಹಿರಿಯರು ಇಲ್ಲಿ ಅದೇ ಸಲಹೆಗೆ ಅರ್ಹರಾಗುತ್ತಾರೆ.