ಹಿಂದಿನ ಚಕ್ರಕ್ಕೆ ಡ್ರಮ್ಮೇ ಯಾಕೆ?

ಲಿಂಗಂಪಲ್ಲಿಯಿಂದ ಬೀದರಿಗೆ ಹೋಗುವಾಗ, ಜಹೀರಾಬಾದ್ ಹತ್ತಿರ ಬ್ರೇಕ್ ಒತ್ತಿದರೆ ನನ್ನ ಹಳೇ ಸಣ್ಣ ಕಾರು ಒಂದು ಕಡೆಗೆ ಎಳೀತು. ಹಿಂದಿನ ಸೀಟಲ್ಲಿ ಮಗಳಿದ್ದಳು. ವಾಪಸ್ ಬಂದವನೇ ಹಿಂದಕ್ಕೂ ಡಿಸ್ಕ್ ಹಾಕಿಸೋಣ ಅಂತ ಹೊರಟೆ.

ಡಿಸ್ಕ್ ಹೊಸದೇನಲ್ಲ. 1902ರಲ್ಲೇ ಇಂಗ್ಲೆಂಡಿನ ಲ್ಯಾಂಚೆಸ್ಟರ್ ಅದಕ್ಕೆ ಪೇಟೆಂಟ್ ಪಡೆದಿದ್ದ. ಆಗಿನ ರಸ್ತೆಗಳ ಧೂಳಿಗೆ ಅದು ಬೇಗ ಸವೀತಿತ್ತು. ಮುಚ್ಚಿಕೊಂಡಿರೋ ಡ್ರಮ್ ಗೆದ್ದಿತು. 1953ರಲ್ಲಿ ಜಾಗ್ವಾರ್ ಡಿಸ್ಕ್ ಹಾಕ್ಕೊಂಡು ಲೆ ಮಾನ್ ರೇಸ್ ಗೆದ್ದ ಮೇಲೆ ಗಾಳಿ ತಿರುಗಿತು. ಆದರೂ 1955ರ ಸಿಟ್ರೊಯೆನ್ ಡಿಎಸ್‌ಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್ಮೇ! ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುತ್ತೆ ನೋಡಿ. ಹಗುರಾದ ಹಿಂಚಕ್ರವನ್ನು ಜಾಸ್ತಿ ಹಿಡಿದರೆ ಲಾಕ್ ಆಗಿ ಗಾಡಿ ಗಿರಕಿ ಹೊಡೆಯುತ್ತೆ. ಹ್ಯಾಂಡ್‌ಬ್ರೇಕ್ ಬೇರೆ ಡ್ರಮ್ಮೊಳಗೇ ಇರುತ್ತೆ.

ಮೆಕ್ಯಾನಿಕ್ ಬಿಚ್ಚಿ ತೋರಿಸಿದ: ಒಂದು ವೀಲ್ ಸಿಲಿಂಡರ್ ಸೋರಿ, ಶೂ ಪೂರ್ತಿ ಒದ್ದೆ. ಸಿಲಿಂಡರ್, ಶೂ ಎರಡೂ ಹೊಸದು ಹಾಕಿಸಿ, ಡಿಸ್ಕ್ ಕಿಟ್ ಆರ್ಡರ್ ಕ್ಯಾನ್ಸಲ್ ಮಾಡಿದೆ.