ಹಿತ್ತಲ ಮದ್ದಿನ ಕಥೆ

ಊಟ ಮಾಡ್ತಾ ಬ್ಲಾಗ್ ಓದುವವರು ದಯವಿಟ್ಟು ಕೈ ತೊಳೆದು ಬನ್ನಿ. ಇವತ್ತಿನ ವಿಷಯ ಅಂಥದ್ದು :-)

1935ರಲ್ಲಿ ಅಮೆರಿಕದ ಹಾಲ್ ಮತ್ತು ಓಟೂಲ್ ಎಂಬ ಇಬ್ಬರು ಎಳೆಗೂಸುಗಳ ಮಲದಲ್ಲಿ ಒಂದು ಬ್ಯಾಕ್ಟೀರಿಯಾ ಕಂಡರು. ಲ್ಯಾಬಿನಲ್ಲಿ ಅದನ್ನು ಬೆಳೆಸೋದು ಮಹಾ ಕಷ್ಟ, ಅದಕ್ಕೇ 'ಡಿಫಿಸಿಲಿಸ್' ಅಂತ ಹೆಸರಿಟ್ಟರು. ಆರೋಗ್ಯವಾಗಿದ್ದ ಕೂಸುಗಳಲ್ಲಿ ಸಿಕ್ಕಿದ್ದರಿಂದ ಅದರ ಬಗ್ಗೆ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ.

ಆಮೇಲೆ ಆಂಟಿಬಯಾಟಿಕ್ ಕಾಲ ಬಂತು. ಆಪರೇಷನ್ ಚೆನ್ನಾಗೇ ಆಗಿರೋದು, ಆದರೆ ಕೆಲವು ರೋಗಿಗಳು ವಿಪರೀತ ಭೇದಿಯಿಂದ ಸಾಯೋರು. 1958ರಲ್ಲಿ ಡೆನ್ವರ್‌ನ ಸರ್ಜನ್ ಬೆನ್ ಐಸ್ಮನ್ ಸರಳವಾಗಿ ಯೋಚಿಸಿದರು. ಔಷಧಿಯಿಂದ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತಿದ್ದರೆ ವಾಪಸ್ ಹಾಕಿದರಾಯ್ತು! ಆರೋಗ್ಯವಂತರ ಮಲವನ್ನು ಕದಡಿ ನಾಲ್ಕು ರೋಗಿಗಳಿಗೆ ಎನಿಮಾ ಕೊಟ್ಟರು. ನಾಲ್ವರೂ ಚೇತರಿಸಿಕೊಂಡರು. (ನಾಲ್ಕನೇ ಶತಮಾನದಲ್ಲೇ ಚೀನಾದ ಗೆ ಹಾಂಗ್ ಎಂಬ ವೈದ್ಯ ಭೇದಿಗೆ ಮಲದ ಕಷಾಯ ಬರೆದಿದ್ದನಂತೆ. ಕುಡಿಯೋಕೆ!)

ಆದರೆ ಆಗ ಎಲ್ಲರ ಬೆರಳು ಇದ್ದದ್ದು ಸ್ಟಫೈಲೋಕಾಕಸ್ ಕಡೆ. ನಿಜವಾದ ಕಳ್ಳ ಇದೇ ಡಿಫಿಸಿಲ್ ಅಂತ ಜಾನ್ ಬಾರ್ಟ್ಲೆಟ್ ಮುಂತಾದವರು ತೋರಿಸಿದ್ದು 1978ರ ಸುಮಾರಿಗೆ. ವ್ಯಾಂಕೊಮೈಸಿನ್ ಕೊಟ್ಟರೆ ಭೇದಿ ನಿಲ್ಲೋದು. ಆದರೆ ಸುಮಾರು ಐವರಲ್ಲಿ ಒಬ್ಬರಿಗೆ ಮತ್ತೆ ಬರೋದು, ಮತ್ತೆ ಮತ್ತೆ ಬರೋದು.

ಯಾಕೆ ಅಂತೀರಾ? ಈ ಬ್ಯಾಕ್ಟೀರಿಯಾದ ಬೀಜಕಣಗಳು ಆಂಟಿಬಯಾಟಿಕ್‌ಗೆ ಜಗ್ಗಲ್ಲ. ನಮ್ಮ ಪಿತ್ತರಸದ ಕೆಲವು ಆಮ್ಲಗಳು ಅವನ್ನು ಮೊಳೆಯಿಸುತ್ತವೆ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳು ಅದೇ ಆಮ್ಲಗಳನ್ನು ಬದಲಿಸಿ ಡಿಫಿಸಿಲ್ ಬೆಳೆಯದಂತೆ ತಡೆಯುತ್ತವೆ. ವ್ಯಾಂಕೊಮೈಸಿನ್ ಕಳ್ಳನ ಜೊತೆ ಕಾವಲುಗಾರರನ್ನೂ ಕೊಂದರೆ ಮನೆ ಕಾಯೋರು ಯಾರು?

2013ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ವೈದ್ಯರು ಕೊನೆಗೂ ಕ್ರಮಬದ್ಧ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ದಾನಿಯ ಮಲದ ದ್ರಾವಣ ಒಂದೇ ಸಲ ಕೊಟ್ಟಾಗ 16ರಲ್ಲಿ 13 ಮಂದಿ ಗುಣವಾದರು. ಬರೀ ವ್ಯಾಂಕೊಮೈಸಿನ್‌ನಲ್ಲಿ 13ಕ್ಕೆ 4. ವ್ಯತ್ಯಾಸ ಎಷ್ಟಿತ್ತೆಂದರೆ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಿದರು.

ಹಾಗಂತ ಇದು ಮನೆಮದ್ದಲ್ಲ ಮತ್ತೆ! 2019ರಲ್ಲಿ ಅಮೆರಿಕದಲ್ಲಿ ದಾನಿಯ ಮಲದಲ್ಲಿದ್ದ ಔಷಧಿಗೆ ಬಗ್ಗದ ಇ-ಕೊಲೈನಿಂದ ಒಬ್ಬರು ತೀರಿಕೊಂಡರು. ತಪಾಸಣೆ ಬಿಗಿಯಾಯ್ತು. 2022ರಲ್ಲಿ ಎನಿಮಾ ರೂಪದ, 2023ರಲ್ಲಿ ಕ್ಯಾಪ್ಸೂಲ್ ರೂಪದ ಔಷಧಿಗೆ ಅಲ್ಲಿ ಒಪ್ಪಿಗೆ ಸಿಕ್ಕಿತು.

ಐಸ್ಮನ್‌ರ ನಾಲ್ಕು ರೋಗಿಗಳಿಂದ ಆ ಪರೀಕ್ಷೆಗೆ 55 ವರ್ಷ. ಹಿತ್ತಲ ಗಿಡ ಮದ್ದಲ್ಲ ಅಂತಾರೆ, ಇದು ಹಿತ್ತಲಿನದ್ದೇ ಆದರೂ ಗಿಡವೂ ಅಲ್ಲ ನೋಡಿ. ಮೂಗು ಮುಚ್ಚಿಕೊಂಡು ಕೂತ ಆ ವರ್ಷಗಳಲ್ಲಿ ಎಷ್ಟು ಜನ ನರಳಿದರೋ...